ಕಾಗೆ, ಕೊಂಬೆ ಮತ್ತು ಮಗುವಿನ ಲಸಿಕೆ

ಈ ಸಲ ಹರಟೆ ಬದಿಗಿರಲಿ. ಡೊಂಬಿವಲಿಯ ತಾಯಿಯೊಬ್ಬರು ಕೇಳಿದ್ದಾರೆ: ಎಂಎಂಆರ್ ಲಸಿಕೆ ಹಾಕಿಸಿದರೆ ಮಕ್ಕಳಿಗೆ ಆಟಿಸಂ ಬರುತ್ತದಂತೆ, ಹೌದೇ? ಅವರ ಮಗಳಿಗೆ ಈಗ ಒಂಬತ್ತು ತಿಂಗಳು. ಉತ್ತರ ಮೊದಲೇ ಹೇಳಿಬಿಡುತ್ತೇನೆ. ಬರುವುದಿಲ್ಲ ತಾಯಿ, ಧೈರ್ಯವಾಗಿ ಹಾಕಿಸಿ.

ಈ 'ಅಂತೆ' ಹುಟ್ಟಿದ್ದು ಲಂಡನ್ನಿನಲ್ಲಿ. 1998ರ ಫೆಬ್ರವರಿಯಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಎಂಬ ವೈದ್ಯರು ಸಂಗಡಿಗರೊಂದಿಗೆ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ನೋಡಿದ್ದು ಬರೀ 12 ಮಕ್ಕಳನ್ನು! ಸಂಬಂಧ ಸಾಬೀತಾಗಿಲ್ಲ ಎಂದು ಆ ಲೇಖನದಲ್ಲೇ ಇತ್ತು. ಆದರೆ ಪತ್ರಿಕಾಗೋಷ್ಠಿಯಲ್ಲಿ ಅವರು ಮೂರು ಲಸಿಕೆಗಳನ್ನು ಒಟ್ಟಿಗೆ ಕೊಡುವುದು ಬೇಡ ಎಂದರು. ಅಷ್ಟು ಸಾಕಾಯಿತು. ಲಸಿಕೆ ಕಂಪನಿಗಳ ಮೇಲೆ ದಾವೆ ಹೂಡಲು ಹೊರಟಿದ್ದ ವಕೀಲರ ಕಡೆಯಿಂದ ಅವರಿಗೆ ಹಣ ಬಂದಿತ್ತೆಂಬುದನ್ನು 2004ರಲ್ಲಿ ಪತ್ರಕರ್ತ ಬ್ರಯನ್ ಡೀರ್ ಬಯಲಿಗೆಳೆದರು. ಅದೇ ವರ್ಷ ಹತ್ತು ಮಂದಿ ಸಹಲೇಖಕರು ಆ ತೀರ್ಮಾನದಿಂದ ಹಿಂದೆ ಸರಿದರು. 2010ರಲ್ಲಿ ಲ್ಯಾನ್ಸೆಟ್ ಲೇಖನವನ್ನೇ ರದ್ದು ಮಾಡಿತು; ಬ್ರಿಟನ್ನಿನ ವೈದ್ಯರ ಪಟ್ಟಿಯಿಂದ ವೇಕ್‌ಫೀಲ್ಡ್ ಹೆಸರೂ ಹೋಯಿತು.

ಹೇಳಿದವನು ಸರಿಯಿಲ್ಲದಿದ್ದರೂ ಹೇಳಿದ್ದು ನಿಜವಿರಬಹುದಲ್ಲ, ಎನ್ನುತ್ತೀರಾ? ನ್ಯಾಯವಾದ ಪ್ರಶ್ನೆ. ಡೆನ್ಮಾರ್ಕಿನಲ್ಲಿ 6,57,461 ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ 2019ರಲ್ಲಿ ವರದಿ ಕೊಟ್ಟರು. ಎಂಎಂಆರ್ ಹಾಕಿಸಿಕೊಂಡ ಮಕ್ಕಳಲ್ಲಿ ಆಟಿಸಂ ಹೆಚ್ಚಿರಲಿಲ್ಲ. ಜಪಾನಿನ ಕಥೆ ಇನ್ನೂ ಸ್ವಾರಸ್ಯ. ಬೇರೆ ಕಾರಣಕ್ಕೆ ಅಲ್ಲಿ 1993ರಲ್ಲೇ ಎಂಎಂಆರ್ ನಿಲ್ಲಿಸಿದ್ದರು. ಆಮೇಲೂ ಯೊಕೊಹಾಮಾದಲ್ಲಿ ಆಟಿಸಂ ಎಂದು ಗುರುತಿಸಿದ ಮಕ್ಕಳ ಸಂಖ್ಯೆ ಏರುತ್ತಲೇ ಹೋಯಿತು.

ಹಾಗಂತ ಅನುಮಾನಪಟ್ಟ ತಾಯಂದಿರನ್ನು ನಾನು ಬೈಯಲಾರೆ. ಮಗು ಹೆಸರು ಕರೆದರೆ ತಿರುಗದಿರುವುದು, ಬೆರಳು ಮಾಡಿ ತೋರಿಸದಿರುವುದು, ಕಲಿತ ಮಾತು ಮರೆಯುವುದು, ಇವೆಲ್ಲ ಸಾಮಾನ್ಯವಾಗಿ ಕಣ್ಣಿಗೆ ಬೀಳುವುದು ಒಂದರಿಂದ ಎರಡು ವರ್ಷದೊಳಗೆ. ಲಸಿಕೆಯ ಕಾಲವೂ ಅದೇ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗುತ್ತದೆ. ನಿಮ್ಮ ಮಗುವಿನಲ್ಲಿ ಇಂಥದ್ದು ಕಂಡರೆ, 'ಗಂಡುಮಕ್ಕಳು ಮಾತಾಡುವುದು ತಡ' ಎನ್ನುವ ಅಜ್ಜಿಯ ಮಾತು ನಂಬಿ ಕೂರಬೇಡಿ, ಮಕ್ಕಳ ವೈದ್ಯರಿಗೆ ತೋರಿಸಿ.

ಲಸಿಕೆಯಿಂದ ಏನೂ ಆಗುವುದಿಲ್ಲವೆಂದೂ ಅಲ್ಲ. ಒಂದು ವಾರ, ಹತ್ತು ದಿನಕ್ಕೆ ಜ್ವರ, ಸಣ್ಣ ಗುಳ್ಳೆ ಬರಬಹುದು. ಅಪರೂಪಕ್ಕೆ ತೀವ್ರ ಅಲರ್ಜಿ ಆಗಬಹುದು. ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಲು ಹೇಳುವುದು ಅದಕ್ಕೇ. ಲೋಕಲ್ ತಪ್ಪುತ್ತದೆಂದು ಓಡಬೇಡಿ!

ಇನ್ನು ದಡಾರ. ಇಲ್ಲಿನವರು ಗೋವರ್ ಎನ್ನುವುದು ಇದನ್ನೇ. 2022ರ ಕೊನೆಯಲ್ಲಿ ನಮ್ಮದೇ ಮುಂಬಯಿಯ ಗೋವಂಡಿ ಸುತ್ತಮುತ್ತ ಅದು ಹಬ್ಬಿ ಮಕ್ಕಳು ಸತ್ತರು. ಅವರಲ್ಲಿ ಹೆಚ್ಚಿನವರಿಗೆ ಲಸಿಕೆ ಆಗಿರಲಿಲ್ಲ.

ಸರ್ಕಾರಿ ಕೇಂದ್ರಗಳಲ್ಲಿ ದಡಾರ-ರುಬೆಲ್ಲಾ ಲಸಿಕೆ ಪುಕ್ಕಟೆ: 9ರಿಂದ 12 ತಿಂಗಳೊಳಗೆ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು. ತಪ್ಪಿದ್ದರೆ ಐದು ವರ್ಷದವರೆಗೂ ಹಾಕಿಸಬಹುದು. ಬಾಣಂತನಕ್ಕೆ ಊರಿಗೆ ಹೋಗಿ ಬಂದವರು ಅಲ್ಲಿಯ ತಾಯಿ ಕಾರ್ಡನ್ನು ತವರಿನ ಟ್ರಂಕಿನಲ್ಲೇ ಬಿಟ್ಟು ಬರಬೇಡಿ. ಯಾವ ಲಸಿಕೆ ಆಗಿದೆ, ಯಾವುದು ಬಾಕಿ ಎಂದು ಇಲ್ಲಿನ ನರ್ಸಮ್ಮನಿಗೆ ಗೊತ್ತಾಗುವುದು ಅದರಿಂದಲೇ.