ಗುಳೆ ಬಂದ ಮನೆಯ ಬಿಗಿ ಹಿಡಿತವೂ ಮಕ್ಕಳ ಪಾಡೂ
(ಮಂಗಳೂರು ನಂತೂರಿನಲ್ಲಿ ನೀಡಿದ ಭಾಷಣ)



ಮಳೆ ಕೈಕೊಟ್ಟಾಗ ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳದ ಕಡೆಯ ಒಣಬೇಸಾಯದ ಕುಟುಂಬಗಳು ಗುಳೆ ಹೊರಟು ಮಂಗಳೂರಿಗೂ ಬರುತ್ತವೆ. ಹೆದ್ದಾರಿ 66 ಮತ್ತು 169 ಕೂಡುವ ನಂತೂರಿನಂಥ ಕಡೆ ರಸ್ತೆ, ಕಟ್ಟಡದ ಕೆಲಸ ಹಿಡಿಯುತ್ತವೆ. ಇಂಥ ಕೆಲವು ಮನೆಗಳಲ್ಲಿ ಹೊರಗೆ ಕಾಣದ ತೊಂದರೆಯೊಂದಿದೆ.

ಹೊಡೆತವಿಲ್ಲದೆಯೂ ಹಿಂಸೆಯಿರಬಹುದು. ಹೆಂಡತಿಯ ಕೂಲಿಯನ್ನು ಗಂಡನೇ ಮೇಸ್ತ್ರಿಯಿಂದ ಪಡೆಯುವುದು, ಮೊಬೈಲು ಕಿತ್ತುಕೊಳ್ಳುವುದು, ತವರಿನವರೊಡನೆ ಮಾತಾಡಗೊಡದಿರುವುದು, ಆಧಾರ್, ಪಡಿತರ ಚೀಟಿ ಬಚ್ಚಿಡುವುದು – ಇವೆಲ್ಲ ಬಿಗಿ ಹಿಡಿತದ ಲಕ್ಷಣಗಳು. ಊರಿನಲ್ಲಾದರೆ ಓಣಿಯ ಹಿರಿಯರೋ ತವರಿನ ಅಣ್ಣತಮ್ಮಂದಿರೋ ಬುದ್ಧಿ ಹೇಳಿಯಾರು. ಇಲ್ಲಿ ಆ ಆಸರೆಯಿಲ್ಲ. ತುಳು ಬಾರದು, ಗುರುತಿನವರು ಕಡಿಮೆ.

ಶೆಡ್ಡಿಗೆ ಒಂದೇ ಕೋಣೆ. ಮಕ್ಕಳ ಕಣ್ಣು ಕಿವಿಗೆ ಎಲ್ಲವೂ ಬೀಳುತ್ತದೆ. “ನಿಮ್ಮವ್ವ ಯಾರ ಕೂಡ ಮಾತಾಡಿದ್ಲು?” ಎಂದು ಮಗುವನ್ನೇ ಗೂಢಚಾರನನ್ನಾಗಿ ಮಾಡುವುದೂ ಉಂಟು. ಬಸಿಗಾಲುವೆಯಿಲ್ಲದ ಅಡಿಕೆ ತೋಟದಲ್ಲಿ ಬೇರು ಕೊಳೆತದ್ದು ಸೋಗೆ ಹಳದಿಯಾದಾಗ ತಿಳಿಯುತ್ತದೆ. ಮಗುವಿನಲ್ಲೂ ಹಾಗೆಯೇ: ನಿದ್ದೆಯಲ್ಲಿ ಬೆಚ್ಚುವುದು, ಹಾಸಿಗೆ ಒದ್ದೆ ಮಾಡುವುದು, ಆಗಾಗ ಹೊಟ್ಟೆನೋವು, ಪಾಠದಲ್ಲಿ ಮಂಕು, ಅಪ್ಪನಂತೆ ಅವ್ವನ ಮೇಲೆ ಕೂಗಾಡುವುದು. ಬೇರೆ ಕಾರಣಗಳೂ ಇರಬಹುದು, ಆದರೂ ವಿಚಾರಿಸಬೇಕು.

ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆಗೆಂದು 2005ರಲ್ಲಿ ಆದ ಕಾಯಿದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಮಾನಸಿಕ ಹಿಂಸೆ, ಹಣಕಾಸಿನ ಹಿಂಸೆಗಳೂ ಅದರಲ್ಲಿ ಸೇರಿವೆ. ತಾತ್ಕಾಲಿಕವಾಗಿ ವಾಸವಿರುವ ಊರಿನಲ್ಲೇ ಅರ್ಜಿ ಕೊಡಬಹುದು. ಗುಳೆ ಬಂದವಳು ಬಾಗಲಕೋಟೆಗೆ ಓಡಬೇಕಿಲ್ಲ. ಮಕ್ಕಳನ್ನು ಸದ್ಯಕ್ಕೆ ತಾಯಿಯ ವಶಕ್ಕೆ ಕೊಡಿಸಲೂ ನ್ಯಾಯಾಲಯಕ್ಕೆ ಅಧಿಕಾರವಿದೆ. ಇಂಗ್ಲೆಂಡಿನಲ್ಲಿ 2015ರಲ್ಲಿ ಇಂಥ ಹಿಡಿತ ಅಪರಾಧವಾಯಿತು. 2021ರ ಕಾಯಿದೆ ಅದನ್ನು ನೋಡಿ, ಕೇಳಿ ನೊಂದ ಮಕ್ಕಳನ್ನೂ ಸಂತ್ರಸ್ತರೆಂದೇ ಎಣಿಸಿತು.

ಸುತ್ತಲಿನವರು ಮಾಡಬಹುದಾದ ಕೆಲಸಗಳು:

1. ಕೆಲಸ ಕೊಡುವವರು ಹೆಂಗಸಿನ ಕೂಲಿಯನ್ನು ಅವಳ ಕೈಗೇ ಕೊಡಬೇಕು.

2. 6ರಿಂದ 14 ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸಬೇಕು. 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ. ಚಿಕ್ಕವರಿಗೆ ಅಂಗನವಾಡಿಯಿದೆ.

3. ತಾಯಿಯನ್ನಾಗಲಿ ಮಗುವನ್ನಾಗಲಿ ಗಂಡನೆದುರಿಗೆ ಪ್ರಶ್ನಿಸಬಾರದು. ಮನೆ ಬಿಡುವ ಹೊತ್ತೇ ಹೆಚ್ಚು ಅಪಾಯದ್ದು. ಹೋಗುವ ಜಾಗ, ಕಾಗದಪತ್ರ ಮೊದಲೇ ಸಿದ್ಧವಿರಲಿ.

4. ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098, ತುರ್ತಿಗೆ 112. ಮಹಿಳೆಯರಿಗೂ ಮಕ್ಕಳಿಗೂ ಉಚಿತ ಕಾನೂನು ನೆರವುಂಟು.

ಮಳೆ ಬಂದೊಡನೆ ಈ ಕುಟುಂಬಗಳು ಊರಿಗೆ ಮರಳಬಹುದು. ಮಗು ಕಲಿತ ಹೆದರಿಕೆಯೂ ಜೊತೆಗೇ ಹೋಗುತ್ತದೆ. ಆದ್ದರಿಂದ ಅದು ಇಲ್ಲಿರುವಾಗಲೇ ಕೈ ಚಾಚುವುದು ಲೇಸು.