ಮಾಡಿನ ಮೇಲೊಂದು ಪುಟ್ಟ ಮಾಡು



ಅಮೆರಿಕದ ವರ್ಮಾಂಟ್, ಕೆನಡಾದ ಕ್ವಿಬೆಕ್ ಪ್ರಾಂತಗಳಲ್ಲಿ ಮಾರ್ಚ್ ಬಂತೆಂದರೆ ಇರುಳು ನೀರು ಹೆಪ್ಪುಗಟ್ಟುತ್ತದೆ, ಹಗಲು ಕರಗುತ್ತದೆ. ಆ ಕೆಲವು ವಾರ ಮೇಪಲ್ ಮರದ ಕಾಂಡಕ್ಕೆ ತೂತು ಕೊರೆದರೆ ರಸ ತೊಟ್ಟಿಕ್ಕುತ್ತದೆ. ನೋಡಲು ಬರಿಯ ನೀರು. ಸಕ್ಕರೆ ನೂರಕ್ಕೆ ಸುಮಾರು ಎರಡು ಪಾಲು ಮಾತ್ರ. ಪಾಕ ಕಾಯಿಸುವವರಲ್ಲಿ '86ರ ನಿಯಮ' ಎಂಬುದೊಂದಿದೆ. 86ನ್ನು ರಸದ ಸಕ್ಕರೆಯ ಶೇಕಡಾ ಪ್ರಮಾಣದಿಂದ ಭಾಗಿಸಿದರೆ, ಒಂದು ಲೀಟರ್ ಪಾಕಕ್ಕೆ ಎಷ್ಟು ಲೀಟರ್ ರಸ ಬೇಕೆಂದು ತಿಳಿಯುತ್ತದೆ. ಎರಡರಿಂದ ಭಾಗಿಸಿ, 43 ಬರುತ್ತದೆ. ಅಂದರೆ ಹೆಚ್ಚುಕಡಿಮೆ 42 ಲೀಟರ್ ನೀರು ಉಗಿಯಾಗಿ ಹೋಗಬೇಕು. ಎಲ್ಲಿಗೆ?

ನಮ್ಮ ಮಂಡ್ಯದ ಕಡೆಯ ಆಲೆಮನೆಯಲ್ಲಿ ಈ ತೊಂದರೆ ಅಷ್ಟಾಗಿ ಇಲ್ಲ. ಬದಿಗಳು ತೆರೆದಿರುತ್ತವೆ, ಹೊರಗಿನ ಗಾಳಿಯೂ ಬೆಚ್ಚಗೆ. (ಮೇಪಲ್ ಮನೆಯನ್ನು ಆಲೆಮನೆ ಎನ್ನಲೂ ಬಾರದು. ಅಲ್ಲಿ ಕುದಿಸುವುದುಂಟು, ಆಲೆಯಿಲ್ಲ.) ಹಿಮದ ನಾಡಿನಲ್ಲಿ ಗೋಡೆ ಬೇಕೇ ಬೇಕು. ಆದ್ದರಿಂದ ಮಾಡಿನ ನೆತ್ತಿಯಲ್ಲಿ ಕಂಡಿ ತೆಗೆದು, ಅದರ ಮೇಲೆ ಬದಿಗೆ ಕದಗಳುಳ್ಳ ಪುಟ್ಟ ಮಾಡೊಂದನ್ನು ಕೂರಿಸುತ್ತಾರೆ. ಇದೇ ಕ್ಯುಪೋಲ.

ಇದು ಅಲಂಕಾರವಲ್ಲ. ಉಗಿ ಒಳಗೇ ನಿಂತರೆ ಮಂಜು ಕವಿದು ಕೊಪ್ಪರಿಗೆಯ ರಸದ ಮಟ್ಟ ಕಾಣಿಸದು. ಮಟ್ಟ ತೀರ ಇಳಿದರೆ ಪಾಕ ಕೆಲವೇ ನಿಮಿಷಗಳಲ್ಲಿ ಸೀದು, ಕೊಪ್ಪರಿಗೆಯ ತಳವೂ ಕೆಡುತ್ತದೆ. ತಣ್ಣನೆಯ ಮಾಡಿಗೆ ತಗುಲಿದ ಹಬೆ ಹನಿಯಾಗಿ, ಅಲ್ಲಿನ ಕೊಳೆಯೊಡನೆ ಮತ್ತೆ ಪಾಕಕ್ಕೇ ಬೀಳುತ್ತದೆ.

ಹಾಗಾದರೆ ಕಂಡಿ ಎಷ್ಟು ದೊಡ್ಡದಿರಬೇಕು? ಎರಡಡಿ ಅಗಲ, ಆರಡಿ ಉದ್ದದ ಕೊಪ್ಪರಿಗೆಯಿಂದ ನಿಮಿಷಕ್ಕೆ ಒಂದು ಲೀಟರ್ ನೀರು ಆವಿಯಾಗುತ್ತದೆ ಎಂದು ಇಟ್ಟುಕೊಳ್ಳೋಣ. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಸುಮಾರು 1,670 ಲೀಟರ್ ಉಗಿಯಾಗುತ್ತದೆ. ಸೆಕೆಂಡಿಗೆ 28 ಲೀಟರ್. ಅದು ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಏರಿದರೆ 17 ಸೆಂಟಿಮೀಟರ್ ಚೌಕದ ಕಂಡಿ ಸಾಕು, ಒಂದು ಗೇಣೂ ಬೇಡ! ಆದರೆ ಬಡಗಿ ಕಂಡಿಯನ್ನು ಹೆಚ್ಚುಕಡಿಮೆ ಕೊಪ್ಪರಿಗೆಯ ಅಳತೆಗೇ ಕೊರೆಯುತ್ತಾನೆ.

ಬಡಗಿಯೇ ಸರಿ. ಮಾಡನ್ನು ತಲಪುವುದು ಬರಿಯ ಉಗಿಯಲ್ಲ. ದಾರಿಯುದ್ದಕ್ಕೂ ಅದು ಕೋಣೆಯ ಗಾಳಿಯನ್ನು ಎಳೆದುಕೊಂಡು ಹಿಗ್ಗುತ್ತದೆ. ಮಾಡಿನಡಿಯ ಗಾಳಿ 30 ಡಿಗ್ರಿಯಿದ್ದರೆ ಒಂದು ಘನ ಮೀಟರಿನಲ್ಲಿ ಸುಮಾರು 30 ಗ್ರಾಂ ಆವಿ ಮಾತ್ರ ಹನಿಗಟ್ಟದೆ ಇರಬಲ್ಲುದು. ಒಂದು ಲೀಟರ್ ನೀರೆಂದರೆ 1,000 ಗ್ರಾಂ. ಅದನ್ನು ಹೊರಲು ನಿಮಿಷಕ್ಕೆ 33 ಘನ ಮೀಟರ್ ಗಾಳಿ ಬೇಕು. ತಣ್ಣನೆ ಗಾಳಿ ಬೆರೆತ ಈ ಹಬೆ ನಿಧಾನ. ವೇಗ ಅರ್ಧ ಮೀಟರ್ ಎಂದು ಹಿಡಿದರೆ ಕಂಡಿ 1.1 ಚದರ ಮೀಟರ್, ಅಂದರೆ ಸುಮಾರು 12 ಚದರ ಅಡಿ. ಕೊಪ್ಪರಿಗೆಯೂ ಎರಡಾರಲಿ ಹನ್ನೆರಡೇ! ಇದು ಅಂದಾಜಿನ ಲೆಕ್ಕ, ಆದರೂ ನನಗೆ ಬಹಳ ಹಿಡಿಸಿತು.

ಇನ್ನು ಬದಿಯ ಕದಗಳು. ಆರಡಿ ಉದ್ದ, ಒಂದಡಿ ಎತ್ತರದ ಎರಡು ಕದಗಳಿಂದ ಹನ್ನೆರಡು ಚದರ ಅಡಿಯೇನೋ ಆಯಿತು. ಆದರೆ ಗಾಳಿ ಬೀಸುವ ದಿನ ಆ ಕಡೆಯ ಕದ ಮುಚ್ಚಿ ಮರೆಯ ಕಡೆಯದನ್ನಷ್ಟೇ ತೆರೆಯಬೇಕಾಗುತ್ತದೆ. ಆದ್ದರಿಂದ ಎರಡಡಿ ಎತ್ತರವೇ ಲೇಸು. ಕದದ ಕೆಳ ಅಂಚಿಗೆ ಬಿಜಾಗರಿ ಹಾಕಿ, ಹಗ್ಗವನ್ನು ರಾಟೆಯ ಮೇಲೆ ಹಾಯಿಸಿ ನೆಲದವರೆಗೆ ಇಳಿಬಿಡುವುದುಂಟು. ಸಡಿಲಿಸಿದರೆ ಕದ ಹೊರಕ್ಕೆ ವಾಲುತ್ತದೆ, ಎಳೆದರೆ ಮುಚ್ಚುತ್ತದೆ.

ಕಂಡಿಗಾಗಿ ಕತ್ತರಿಸಿದ ಪಕಾಸಿಗಳ ತುದಿಗೆ ಅಡ್ಡತೊಲೆ ಕೊಡಲೇಬೇಕು. ಹಿಮದ ಭಾರ ಆಮೇಲೆ ಅದರ ಮೇಲೇ ಬೀಳುವುದು. ಗೋಡೆಯ ಬುಡದಲ್ಲಿ ಗಾಳಿ ಒಳಬರಲು ದಾರಿಯೂ ಬೇಕು. ಅದಿಲ್ಲದಿದ್ದರೆ ಮೇಲಿನ ಸೆಳೆತಕ್ಕೆ ಒಲೆಯ ಹೊಗೆಯೇ ಕೋಣೆಗೆ ತಿರುಗೀತು.

ಈಗ ಅನೇಕರು ಯಂತ್ರದ ಪೊರೆಯ ಮೂಲಕ ರಸದ ನೀರನ್ನು ಮೊದಲೇ ತೆಗೆಯುತ್ತಾರೆ. ಸಕ್ಕರೆ ನೂರಕ್ಕೆ ಎಂಟಾದರೆ ಒಂದು ಲೀಟರ್ ಪಾಕಕ್ಕೆ 11 ಲೀಟರ್ ರಸ ಸಾಕು. ಆದರೆ ಅದೇ ಕೊಪ್ಪರಿಗೆ, ಅದೇ ಒಲೆಯಾದರೆ ಕಂಡಿಯನ್ನು ಕಿರಿದು ಮಾಡುವಂತಿಲ್ಲ. ನಿಮಿಷಕ್ಕೆ ಏಳುವ ಉಗಿ ಹೆಚ್ಚುಕಡಿಮೆ ಅಷ್ಟೇ. ಒಲೆ ಉರಿಯುವ ಗಂಟೆಗಳು ಮಾತ್ರ ಕಡಿಮೆ.