ಮರಳಿ ಬಂದವರು: ಕ್ರೈಸ್ತ ಬದುಕಿನಲ್ಲಿ ತಪ್ಪು, ಕ್ಷಮೆ, ಬೆಳವಣಿಗೆ

ಹಳೆಯ ತಪ್ಪನ್ನು ಕಳಚಿಕೊಳ್ಳುವುದಕ್ಕೆ ಕ್ರೈಸ್ತ ಧರ್ಮ ಒಂದು ದಾರಿ ಹೇಳುತ್ತದೆ. ತಪ್ಪಿದವರು ಅದನ್ನು ತಪ್ಪೆಂದು ಒಪ್ಪಿಕೊಳ್ಳಬೇಕು, ದೇವರ ಕ್ಷಮೆ ಬೇಡಬೇಕು, ಕೆಡಿಸಿದ್ದನ್ನು ಕೈಲಾದಷ್ಟು ಸರಿಪಡಿಸಬೇಕು, ಮುಂದೆ ಬೇರೆ ರೀತಿಯಲ್ಲಿ ಬಾಳಬೇಕು. ಇವೆಲ್ಲ ತಪ್ಪಿದವರ ಪಾಲಿನ ಕೆಲಸ. ಇದರ ಜೊತೆಗೆ ಸಭೆಯ ಪಾಲಿನ ಕೆಲಸವೂ ಒಂದಿದೆ: ಮರಳಿ ಬಂದವರನ್ನು ಅದು ಒಳಕ್ಕೆ ಕರೆದುಕೊಳ್ಳಬೇಕು. ಪ್ರಸಂಗಗಳಲ್ಲಿ ಈ ಎರಡನೆಯದು ಹೆಚ್ಚು ಕೇಳಿಬರುವುದಿಲ್ಲ. ಊರು ಮರೆಯದ ತಪ್ಪನ್ನು ಒಬ್ಬರೇ ಕೂತು ಮರೆಯಲಾಗದು ಎಂಬುದು ಹಳ್ಳಿಯಲ್ಲಿ ಬಾಳಿದವರಿಗೆಲ್ಲ ಗೊತ್ತು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಸುತ್ತಿನ ಕ್ರೈಸ್ತ ಚರಿತ್ರೆಯೂ ಇದನ್ನೇ ತೋರಿಸುತ್ತದೆ.

ಹಿಂದಿನದನ್ನು ಮರೆತು ಮುಂದಿನದರ ಕಡೆಗೆ ಸಾಗುವ ಮಾತು ಬಂದಾಗ ಸಾಮಾನ್ಯವಾಗಿ ಉದಾಹರಿಸುವುದು ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ 3ನೇ ಅಧ್ಯಾಯವನ್ನು. ಆ ಅಧ್ಯಾಯವನ್ನು ಮೊದಲಿನಿಂದ ಓದಿದರೆ ಪೌಲನು ಹಿಂದೆ ಬಿಟ್ಟದ್ದು ಬರೀ ಪಾಪವನ್ನಲ್ಲ ಎಂದು ತಿಳಿಯುತ್ತದೆ. ತನ್ನ ಕುಲ, ಫರಿಸಾಯನಾಗಿ ತಾನು ಪಾಲಿಸಿದ ಕಟ್ಟುನಿಟ್ಟು, ಜನರ ಕಣ್ಣಿನಲ್ಲಿ ತನಗಿದ್ದ ಹೆಸರು ಎಲ್ಲವನ್ನೂ ಅವನು ಅದೇ ಪಟ್ಟಿಯಲ್ಲಿ ಸೇರಿಸುತ್ತಾನೆ. ಸಭೆಯನ್ನು ಹಿಂಸಿಸಿದ್ದೂ ಅಲ್ಲೇ ಇದೆ. ಇನ್ನೊಂದೆಡೆ, ಕೊರಿಂಥದವರಿಗೆ ಬರೆಯುವಾಗ, ಆ ಹಿಂಸೆಯ ಕಾರಣದಿಂದಲೇ ತಾನು ಅಪೊಸ್ತಲರಲ್ಲಿ ಕನಿಷ್ಠನೆಂದು ಹೇಳಿಕೊಳ್ಳುತ್ತಾನೆ. ಅವನಿಗೆ ನೆನಪು ಹೋಗಿರಲಿಲ್ಲ. ಆ ನೆನಪು ಅವನ ಕೆಲಸಕ್ಕೆ ಅಡ್ಡ ಬರುವುದು ನಿಂತಿತ್ತು.

ಯೂದ ಮತ್ತು ಪೇತ್ರ ಇಬ್ಬರೂ ಒಂದೇ ರಾತ್ರಿ ಗುರುವನ್ನು ಕೈಬಿಟ್ಟವರು, ಇಬ್ಬರೂ ಮನನೊಂದವರು. ಮತ್ತಾಯನ ಪ್ರಕಾರ ಯೂದನು ಮೂವತ್ತು ಬೆಳ್ಳಿಯ ನಾಣ್ಯಗಳನ್ನು ಹಿಂದಕ್ಕೆ ಒಯ್ದು, ತಾನು ಪಾಪ ಮಾಡಿದೆನೆಂದು ಮಹಾಯಾಜಕರ ಮುಂದೆ ಒಪ್ಪಿಕೊಂಡನು. ಅದು ನಿನ್ನ ಪಾಡು ಎಂದು ಅವರು ಕೈತೊಳೆದುಕೊಂಡರು. ಅವನು ಹೋಗಿ ಪ್ರಾಣ ಕಳೆದುಕೊಂಡನು. ಪೇತ್ರನಾದರೋ ಉಳಿದ ಶಿಷ್ಯರ ಜೊತೆಯಲ್ಲೇ ಇದ್ದನು. ಯೋಹಾನನ ಸುವಾರ್ತೆಯ 21ನೇ ಅಧ್ಯಾಯದಲ್ಲಿ ತಿಬೇರಿಯ ಸರೋವರದ ದಡದಲ್ಲಿ, ಕೆಂಡದ ಪಕ್ಕದಲ್ಲಿ, ಯೇಸು ಅವನನ್ನು ಮೂರು ಸಲ ಪ್ರಶ್ನಿಸುತ್ತಾರೆ. ಪೇತ್ರನು ಅಲ್ಲಗಳೆದದ್ದೂ ಮೂರು ಸಲ, ಆಗಲೂ ಅವನು ಚಳಿ ಕಾಯಿಸಿಕೊಳ್ಳುತ್ತಿದ್ದದ್ದು ಕೆಂಡದ ಬಳಿಯೇ. ಒಂದೊಂದು ಉತ್ತರಕ್ಕೂ ಸಿಗುವುದು ಕುರಿ ಮೇಯಿಸುವ ಹೊಣೆ. ತಪ್ಪಿನ ವಿಚಾರಣೆಯ ಒಂದು ಮಾತೂ ಅಲ್ಲಿಲ್ಲ, ಆದರೂ ಎಲ್ಲವೂ ನೆನಪಾಗುವಂತಿದೆ. ಕ್ಷಮೆ ಅವನಿಗೆ ಕೆಲಸದ ರೂಪದಲ್ಲಿ ಬಂತು. ಕ್ರೈಸ್ತ ಬೆಳವಣಿಗೆಯ ವಿಚಾರದಲ್ಲಿ ಇದಕ್ಕಿಂತ ತುಂಬಿದ ಪಾಠ ಹೊಸ ಒಡಂಬಡಿಕೆಯಲ್ಲಿ ಸಿಗುವುದು ಕಷ್ಟ.

ಸಭೆಯ ಪಾಲಿನ ಕೆಲಸವನ್ನು ಪೌಲನೇ ನೇರವಾಗಿ ಹೇಳಿದ್ದಾನೆ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 2ನೇ ಅಧ್ಯಾಯದಲ್ಲಿ, ಸಭೆಯಿಂದ ಶಿಕ್ಷೆ ಪಡೆದ ಒಬ್ಬನನ್ನು ಇನ್ನು ಸಾಕು, ಕ್ಷಮಿಸಿ ಸಂತೈಸಿರಿ, ಇಲ್ಲವಾದರೆ ಅವನು ಮಿತಿಮೀರಿದ ದುಃಖದಲ್ಲಿ ಮುಳುಗಿಹೋದಾನು ಎಂಬ ಅರ್ಥದಲ್ಲಿ ಬರೆಯುತ್ತಾನೆ. ದುಃಖಕ್ಕೂ ಒಂದು ಅಳತೆ ಇರಬೇಕು, ಆ ಅಳತೆಯನ್ನು ನೋಡಿಕೊಳ್ಳಬೇಕಾದವರು ಉಳಿದವರು.

ಈ ಮಾತಿಗೆ ದೊಡ್ಡ ಪರೀಕ್ಷೆ ಎದುರಾದದ್ದು ಮೂರನೆಯ ಶತಮಾನದಲ್ಲಿ. ರೋಮ್ ಚಕ್ರವರ್ತಿ ಡೇಸಿಯಸ್ 250ರ ಹೊತ್ತಿಗೆ ಎಲ್ಲರೂ ದೇವತೆಗಳಿಗೆ ಬಲಿ ಅರ್ಪಿಸಬೇಕೆಂದು ಆಜ್ಞೆ ಹೊರಡಿಸಿದಾಗ ಅನೇಕ ಕ್ರೈಸ್ತರು ಜೀವಭಯದಿಂದ ಮಣಿದರು. ಕೆಲವರು ಬಲಿ ಅರ್ಪಿಸದೆಯೇ ಅರ್ಪಿಸಿದ್ದೇವೆಂಬ ಪತ್ರವನ್ನು ಲಂಚ ಕೊಟ್ಟು ಪಡೆದರು. ಹಿಂಸೆ ತಗ್ಗಿದ ಮೇಲೆ ಇವರು ಸಭೆಯ ಬಾಗಿಲಿಗೆ ಬಂದರು. ರೋಮಿನ ನೊವೇಶಿಯನ್ ಇವರನ್ನು ಮತ್ತೆ ಸೇರಿಸಿಕೊಳ್ಳುವ ಅಧಿಕಾರ ಸಭೆಗಿಲ್ಲ ಎಂದನು. ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಒಬ್ಬೊಬ್ಬರ ಸಂಗತಿಯನ್ನೂ ಬೇರೆಬೇರೆಯಾಗಿ ವಿಚಾರಿಸಿ, ಪ್ರಾಯಶ್ಚಿತ್ತದ ಕಾಲಾವಧಿ ಕಳೆದ ಮೇಲೆ ಸೇರಿಸಿಕೊಳ್ಳಬಹುದು ಎಂಬ ನಿಲುವು ತಳೆದನು. ಸಭೆ ಸಿಪ್ರಿಯನನ ಕಡೆಗೆ ನಿಂತಿತು. 325ರ ನೈಸೀಯ ಮಹಾಸಭೆಯೂ ಹಿಂಸೆಯ ಕಾಲದಲ್ಲಿ ಜಾರಿದವರಿಗೆ ಮರಳುವ ದಾರಿಯನ್ನು ನಿಯಮಗಳಲ್ಲಿ ಬರೆದಿಟ್ಟಿತು.

ಡೇಸಿಯಸ್‌ನ ಕಾಲದಿಂದ ಸುಮಾರು ಹದಿನೈದೂವರೆ ಶತಮಾನಗಳ ನಂತರ ಅದೇ ಪ್ರಶ್ನೆ ಕಾವೇರಿಯ ದಡದಲ್ಲಿ ಎದ್ದಿತು. ಎರಡನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆಪಾದನೆ ಹೊತ್ತ ಕೆನರಾ ಕರಾವಳಿಯ ಕಥೋಲಿಕರನ್ನು 1784ರಲ್ಲಿ ಟಿಪ್ಪು ಸುಲ್ತಾನನ ಆಡಳಿತ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿತು. ಎಷ್ಟು ಮಂದಿ ಎಂಬುದರಲ್ಲಿ ಇತಿಹಾಸಕಾರರು ಒಮ್ಮತಕ್ಕೆ ಬಂದಿಲ್ಲ. ಅವರಲ್ಲಿ ಅನೇಕರು ಬಲವಂತಕ್ಕೆ ಸಿಕ್ಕಿ ಸುನ್ನತಿ ಮಾಡಿಸಿಕೊಂಡು ಮತ ಬದಲಿಸಿದರು. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ, ಚದುರಿದ ಸಭೆಯನ್ನು ಮತ್ತೆ ಕಟ್ಟಲು ಬಂದವರು ಪ್ಯಾರಿಸ್ ವಿದೇಶಿ ಮಿಷನ್ ಸಂಘದ ಗುರು ಅಬ್ಬೆ ದುಬುವಾ. ಇಲ್ಲಿಯ ಉಡುಪು ಉಟ್ಟು, ಇಲ್ಲಿಯ ಊಟ ಉಂಡು ಬಾಳಿದ ಅವರನ್ನು ಜನ ದೊಡ್ಡ ಸ್ವಾಮಿಯವರು ಎಂದು ಕರೆದರು.

ದುಬುವಾ 1823ರಲ್ಲಿ ಭಾರತ ಬಿಟ್ಟು ಹೋದರು. ಭಾರತದಲ್ಲಿ ಕ್ರೈಸ್ತ ಧರ್ಮದ ಸ್ಥಿತಿಯ ಬಗ್ಗೆ ಅವರ ಪತ್ರಗಳು ಅದೇ ವರ್ಷ ಲಂಡನ್ನಿನಲ್ಲಿ ಅಚ್ಚಾದವು. ಸೆರೆಯಾದ ಸಾವಿರಾರು ಜನರಲ್ಲಿ ಆ ಗಳಿಗೆಯಲ್ಲಿ ತಮ್ಮ ವಿಶ್ವಾಸಕ್ಕಾಗಿ ಎದ್ದುನಿಂತವರು ಒಬ್ಬರೂ ಇರಲಿಲ್ಲ ಎಂದು ಅವರು ಅಲ್ಲಿ ಕಟುವಾಗಿಯೇ ಬರೆಯುತ್ತಾರೆ. ಆ ಕಟುತನ ಅನ್ಯಾಯದ್ದು ಎನ್ನದೆ ವಿಧಿಯಿಲ್ಲ. ಮನೆಮಠ ಕಳೆದುಕೊಂಡು, ಮಕ್ಕಳನ್ನು ಕಟ್ಟಿಕೊಂಡು, ಗುರುಗಳಿಲ್ಲದೆ ಘಟ್ಟ ಹತ್ತಿಬಂದವರ ಸೋಲನ್ನು ಅಳೆಯಲು ಅದು ತಕ್ಕ ತಕ್ಕಡಿಯಲ್ಲ. ಆದರೆ ಬರೆದ ದುಬುವಾ ಬೇರೆ, ಬಾಗಿಲು ತೆರೆದ ದುಬುವಾ ಬೇರೆ. ಮರಳಿ ಬಂದವರು ತಾವು ಮೇಲ್ನೋಟಕ್ಕೆ ಮಾತ್ರ ಬದಲಾಗಿದ್ದೆವು, ಮನಸ್ಸಿನಲ್ಲಿ ಕ್ರಿಸ್ತನನ್ನು ಬಿಟ್ಟಿರಲಿಲ್ಲ ಎಂದು ಹೇಳಿಕೊಂಡರು. ಅಂಥ ಸುಮಾರು 2,000 ಮಂದಿ ತಮ್ಮ ಕೈಗೆ ಬಂದರೆಂದೂ, ಇಪ್ಪತ್ತು ಸಾವಿರದಷ್ಟು ಜನ ಮಂಗಳೂರು ಸೀಮೆಗೆ ಹಿಂದಿರುಗಿ ತಮ್ಮ ಗುಡಿಗಳನ್ನು ಮತ್ತೆ ಕಟ್ಟಿಕೊಂಡರೆಂದೂ ಅವರ ಲೆಕ್ಕ. ಮೈಯ ಮೇಲೆ ಅಳಿಸಲಾಗದ ಗುರುತು ಹೊತ್ತವರನ್ನು ಅವರು ಸಭೆಗೆ ಸೇರಿಸಿದರು. ನೆಲೆ ತಪ್ಪಿದವರಿಗಾಗಿ ಬೇಸಾಯದ ಊರುಗಳನ್ನು ಕಟ್ಟಲು ಹೊರಟರು. ಪಾಪಕ್ಷಮೆಯ ಜೊತೆಗೆ ಉಳಲು ನೆಲವೂ ಬೇಕೆಂದು ಕಂಡುಕೊಂಡದ್ದು ಆ ಗುರುವಿನ ದೊಡ್ಡತನ.

ಶ್ರೀರಂಗಪಟ್ಟಣದಿಂದ ಪಶ್ಚಿಮಕ್ಕೆ, ಕೃಷ್ಣರಾಜನಗರ ಸೀಮೆಯ ಡೋರ್ನಹಳ್ಳಿಯಲ್ಲಿ ಸಂತ ಅಂತೋಣಿಯವರ ದೇವಾಲಯವಿದೆ. ಜೂನ್ 13ರ ಹಬ್ಬಕ್ಕೆ ಜಾತಿ ಮತ ನೋಡದೆ ಜನ ಸೇರುವ ಈ ಕ್ಷೇತ್ರವನ್ನು 2019ರಲ್ಲಿ ಪೋಪ್ ಫ್ರಾನ್ಸಿಸ್ ಬಸಿಲಿಕದ ಸ್ಥಾನಕ್ಕೆ ಏರಿಸಿದರು. ಅದರ ಹುಟ್ಟಿನ ಕಥೆಯನ್ನು ಭಕ್ತರು ಹೀಗೆ ಹೇಳುತ್ತಾರೆ: ಹೊಲ ಉಳುತ್ತಿದ್ದ ರೈತನೊಬ್ಬನ ನೇಗಿಲಿಗೆ ಮರದ ವಿಗ್ರಹವೊಂದು ಸಿಕ್ಕಿತು. ಯಾರದೆಂದು ತಿಳಿಯದೆ ಅವನು ಅದನ್ನು ಮಕ್ಕಳ ಆಟಿಕೆಯಾಗಿ ಬಿಟ್ಟನು. ಕನಸಿನಲ್ಲಿ ಸನ್ಯಾಸಿಯೊಬ್ಬರು ಬಂದು ತಮ್ಮನ್ನು ಕಡೆಗಣಿಸಬೇಡವೆಂದರು. ಅವನು ಲಕ್ಷ್ಯ ಕೊಡಲಿಲ್ಲ, ಮನೆಗೆ ಕಷ್ಟಗಳು ಬಂದವು. ಕೊನೆಗೆ ವಿಗ್ರಹವನ್ನು ಹುಡುಕಿ ತಂದು ಚಿಕ್ಕ ಗುಡಿ ಕಟ್ಟಿದನು. ಅದು ಸಂತ ಅಂತೋಣಿಯವರದೆಂದು ಗುರುತಿಸಿದವರು ಶ್ರೀರಂಗಪಟ್ಟಣದ ಕಡೆಯ ಗುರುಗಳು. ಚರಿತ್ರೆಯ ದಾಖಲೆಯಾಗಿ ಇದನ್ನು ಓದಬೇಕಾಗಿಲ್ಲ. ಆದರೆ ತನ್ನ ಕ್ಷೇತ್ರದ ಮೂಲದಲ್ಲೇ ಒಬ್ಬನ ಅಲಕ್ಷ್ಯವನ್ನೂ ಅವನು ತಿದ್ದಿಕೊಂಡದ್ದನ್ನೂ ಇಟ್ಟುಕೊಂಡಿರುವ ಜನಸಮುದಾಯದ ಮನಸ್ಸು ಇಲ್ಲಿ ಕಾಣುತ್ತದೆ. ಆ ರೈತ ಕಥೆಯಲ್ಲಿ ಅಪರಾಧಿಯಾಗಿ ಉಳಿದಿಲ್ಲ, ಮೊದಲ ಗುಡಿ ಕಟ್ಟಿದವನಾಗಿ ಉಳಿದಿದ್ದಾನೆ.

ಕಳೆದುಹೋದ ವಸ್ತುಗಳಿಗಾಗಿ ಹರಕೆ ಹೊರುವ ಸಂತನೆಂದೇ ಅಂತೋಣಿಯವರು ಹೆಚ್ಚು ಪರಿಚಿತರು. ಅವರ ಬದುಕಿನ ಇನ್ನೊಂದು ಸಂಗತಿ ಈ ಸೀಮೆಗೆ ಇನ್ನೂ ಹತ್ತಿರದ್ದು. 1231ರ ತಪಸ್ಸುಕಾಲದಲ್ಲಿ ಅವರು ಇಟಲಿಯ ಪಾದುವಾ ನಗರದಲ್ಲಿ ಉಪದೇಶ ಮಾಡಿದರು, ಪಾಪನಿವೇದನೆಗೆ ಜನ ಮುಗಿಬಿದ್ದರು. ಆ ಮಾರ್ಚ್‌ನಲ್ಲಿ ಅವರ ಕೋರಿಕೆಯ ಮೇರೆಗೆ ನಗರಾಡಳಿತ ಒಂದು ಕಟ್ಟಳೆ ಮಾಡಿತು: ತನ್ನ ಆಸ್ತಿಯನ್ನು ಒಪ್ಪಿಸಿದ ಸಾಲಗಾರನನ್ನು ಸಾಲ ತೀರಿಸಲಾಗದ್ದಕ್ಕೆ ಸೆರೆಮನೆಗೆ ಹಾಕಬಾರದು. ಮೂರು ತಿಂಗಳಲ್ಲಿ, ಜೂನ್ 13ರಂದು, ಅವರು ತೀರಿಕೊಂಡರು. ಕಟ್ಟೆಮಳಲವಾಡಿ, ಕಂಪಲಾಪುರಗಳ ಹರಾಜು ಮಾರುಕಟ್ಟೆಗೆ ಹೊಗೆಸೊಪ್ಪು ಸಾಗಿಸಿ, ಸೊಪ್ಪು ಒಣಗಿಸುವ ಬ್ಯಾರನ್ನಿನ ಸೌದೆಯ ಸಾಲಕ್ಕೂ ಗೊಬ್ಬರದ ಸಾಲಕ್ಕೂ ಬಂದ ಹಣ ಸಾಲದೆ ತಲೆತಗ್ಗಿಸುವ ಬೇಸಾಯಗಾರರ ನಾಡಿನಲ್ಲಿ ಈ ಸಂಗತಿ ಹಬ್ಬದ ಪ್ರಸಂಗದಲ್ಲಿ ವರ್ಷವರ್ಷವೂ ಕೇಳಿಬರಬೇಕಾದದ್ದು. ಬೆಳೆ ಕೈಕೊಟ್ಟದ್ದು ಪಾಪವಲ್ಲ. ಸೋಲಿನ ನಾಚಿಕೆಯನ್ನೂ ಪಾಪದ ಅರಿವನ್ನೂ ಬೇರ್ಪಡಿಸದ ಮನಸ್ಸು ನಿವೇದಿಸಬೇಕಾಗಿಲ್ಲದ್ದನ್ನು ನಿವೇದಿಸುತ್ತ, ನಿವೇದಿಸಬೇಕಾದದ್ದನ್ನು ಮುಚ್ಚಿಡುತ್ತ ದಣಿಯುತ್ತದೆ.

ಕಥೋಲಿಕ ಸಭೆಯಲ್ಲಿ ಮರಳುವ ದಾರಿಗೆ ಸಂಸ್ಕಾರದ ರೂಪವಿದೆ. ಮೊದಲ ಶತಮಾನಗಳಲ್ಲಿ ಪ್ರಾಯಶ್ಚಿತ್ತ ಬಹಿರಂಗವಾಗಿತ್ತು, ದೀರ್ಘವಾಗಿತ್ತು, ಬಾಳಿನಲ್ಲಿ ಒಮ್ಮೆ ಮಾತ್ರ ಸಿಗುತ್ತಿತ್ತು. ಗುರುವಿನ ಕಿವಿಯಲ್ಲಿ ಹೇಳಿಕೊಳ್ಳುವ, ಮತ್ತೆ ಮತ್ತೆ ಪಡೆಯಬಹುದಾದ ಪಾಪನಿವೇದನೆಯನ್ನು ಯುರೋಪಿನಲ್ಲಿ ಹರಡಿದವರು ಐರ್ಲೆಂಡಿನ ಸನ್ಯಾಸಿಗಳು. 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ವರ್ಷಕ್ಕೊಮ್ಮೆಯಾದರೂ ನಿವೇದನೆ ಮಾಡಬೇಕೆಂದು ವಿಧಿಸಿತು. 1551ರಲ್ಲಿ ಟ್ರೆಂಟ್ ಮಹಾಸಭೆ ಪಶ್ಚಾತ್ತಾಪ, ನಿವೇದನೆ, ದೋಷಪರಿಹಾರ ಎಂಬ ಮೂರು ಅಂಗಗಳನ್ನು ಸ್ಪಷ್ಟಪಡಿಸಿತು. ಗುಟ್ಟಿನ ನಿವೇದನೆ ಮಾನ ಕಾಯ್ದಿತು. ಆದರೆ ತಪ್ಪು ತಪ್ಪಿದವರಿಗೂ ದೇವರಿಗೂ ನಡುವಿನ ವ್ಯವಹಾರ ಮಾತ್ರ ಎಂಬ ಭಾವನೆಯನ್ನೂ ಬೆಳೆಸಿತು. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ, 1973ರಲ್ಲಿ ಹೊರಬಂದ ಹೊಸ ವಿಧಿ ಇದನ್ನು ತಿದ್ದಿತು. ತಪಸ್ಸುಕಾಲದಲ್ಲಿ ಎಲ್ಲರೂ ಕೂಡಿ ವಾಕ್ಯ ಕೇಳಿ, ಕೂಡಿ ಪಶ್ಚಾತ್ತಾಪಪಟ್ಟು, ಆಮೇಲೆ ಒಬ್ಬೊಬ್ಬರಾಗಿ ಗುರುಗಳ ಬಳಿ ಹೋಗುವ ಕ್ರಮಕ್ಕೆ ಅದು ಜಾಗ ಕೊಟ್ಟಿತು.

ಮೂರು ಅಂಗಗಳಲ್ಲಿ ಕೊನೆಯದಾದ ದೋಷಪರಿಹಾರವೇ ಹಳ್ಳಿಯ ಬಾಳಿನಲ್ಲಿ ಕಷ್ಟದ್ದು. ಲೂಕನ ಸುವಾರ್ತೆಯ ಸುಂಕದವನಾದ ಜಕ್ಕಾಯ ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುವೆನೆಂದನು. ಇಲ್ಲಿ ಅದರ ಅರ್ಥ ಬದು ಒತ್ತಿ ಉಳುತ್ತಿದ್ದ ಸಾಲನ್ನು ಪಕ್ಕದವರಿಗೆ ಬಿಟ್ಟುಕೊಡುವುದು, ಅಕ್ಕತಂಗಿಯರಿಗೆ ಸೇರಬೇಕಾದ ಪಾಲನ್ನು ಅಳೆದುಕೊಡುವುದು, ಕುಡಿತಕ್ಕಾಗಿ ಅಡವಿಟ್ಟ ಹೆಂಡತಿಯ ಓಲೆಯನ್ನು ಬಿಡಿಸಿ ತರುವುದು. ದೋಷಪರಿಹಾರಕ್ಕೆಂದು ಹೇಳಿದ ಜಪಗಳನ್ನು ಮುಗಿಸಿದ ಮಾತ್ರಕ್ಕೆ ಇವು ಮುಗಿಯುವುದಿಲ್ಲ.

ಪ್ರೊಟೆಸ್ಟಂಟ್ ಸಭೆಗಳಲ್ಲಿ ಇದೇ ದಾರಿ ಬೇರೆ ಹೆಸರುಗಳಲ್ಲಿದೆ. ಮೈಸೂರು ಸೀಮೆಗೆ ಅದನ್ನು ತಂದವರು ಹೆಚ್ಚಾಗಿ ವೆಸ್ಲಿಯನ್ನರು. 1947ರಲ್ಲಿ ಈ ಸಭೆಗಳು ದಕ್ಷಿಣ ಭಾರತ ಸಭೆಯಲ್ಲಿ ಸೇರಿದವು. ವೆಸ್ಲಿಯನ್ನರ ಮೂಲಪುರುಷ ಜಾನ್ ವೆಸ್ಲಿ ಕ್ಷಮೆಯ ನಂತರದ ಬದುಕಿಗೆ ಕೊಟ್ಟಷ್ಟು ಗಮನವನ್ನು ಕೊಟ್ಟವರು ವಿರಳ. ಪಾಪಕ್ಷಮೆ ಬಾಗಿಲು, ಪವಿತ್ರೀಕರಣ ಮನೆ ಎಂಬುದು ಅವನ ಬೋಧನೆಯ ಸಾರ. 1742ರಲ್ಲಿ ಬ್ರಿಸ್ಟಲ್ ನಗರದಲ್ಲಿ ಪ್ರಾರ್ಥನಾಮಂದಿರದ ಸಾಲ ತೀರಿಸಲು ಹನ್ನೆರಡು ಹನ್ನೆರಡು ಜನರ ಗುಂಪು ಮಾಡಿ, ವಾರಕ್ಕೊಂದು ಪೆನ್ನಿ ಎತ್ತುವ ಏರ್ಪಾಡಾಯಿತು. ಮನೆಮನೆಗೆ ಹೋದ ಗುಂಪಿನ ನಾಯಕರಿಗೆ ಅಲ್ಲಿನ ಕುಡಿತ, ಜಗಳ, ದುಃಖ ಕಣ್ಣಿಗೆ ಬಿತ್ತು. ವೆಸ್ಲಿ ಆ ಗುಂಪುಗಳನ್ನೇ ಆತ್ಮಿಕ ಬೆಳವಣಿಗೆಯ ಕೂಟಗಳಾಗಿ ಮಾಡಿದನು. ವಾರಕ್ಕೊಮ್ಮೆ ಪರಿಚಿತರ ನಡುವೆ ಕೂತು ಮನಸ್ಸಿನ ಸ್ಥಿತಿಯನ್ನು ಹೇಳಿಕೊಳ್ಳುವುದು, ಮುಗ್ಗರಿಸಿದವರನ್ನು ಮುಂದಿನ ವಾರವೂ ಎದುರುನೋಡುವುದು ಆ ಕೂಟದ ರೀತಿ. 1755ರಲ್ಲಿ ಅವನು ಆರಂಭಿಸಿದ ಒಡಂಬಡಿಕೆಯ ಆರಾಧನೆಯನ್ನು ಇಂದಿಗೂ ಹೊಸ ವರ್ಷದ ಹೊತ್ತಿನಲ್ಲಿ ನಡೆಸುವ ಸಭೆಗಳಿವೆ. ಹೋದ ವರ್ಷದ ಮುರಿದ ಮಾತನ್ನು ಒಪ್ಪಿಕೊಂಡು ಅದೇ ಮಾತನ್ನು ಮತ್ತೆ ಕೊಡುವ ಈ ಆರಾಧನೆ, ಬೆಳವಣಿಗೆ ಒಮ್ಮೆಗೇ ಮುಗಿಯುವುದಿಲ್ಲವೆಂದು ಮೊದಲೇ ಎಣಿಸಿಕೊಂಡಿದೆ.

ದಾರಿಯಲ್ಲಿ ಎರಡು ಕಡೆ ಎಚ್ಚರ ಬೇಕು. ಕ್ಷಮೆ ಸಿಕ್ಕಿದ ಮೇಲೂ ಅದೇ ಪಾಪವನ್ನು ನೂರು ಸಲ ಎಣಿಸುವವರಿದ್ದಾರೆ. ಎರ್ಫುರ್ಟ್ ಮಠದಲ್ಲಿ ಮಾರ್ಟಿನ್ ಲೂಥರ್ ತಾಸುಗಟ್ಟಲೆ ನಿವೇದನೆ ಮಾಡುತ್ತಿದ್ದನು, ಲೊಯೋಲದ ಇಗ್ನೇಷಿಯಸ್ ಮನ್ರೇಸದಲ್ಲಿ ಈ ಕೊರಗಿನಿಂದ ಸಾವಿನ ಯೋಚನೆಗೂ ಇಳಿದಿದ್ದನು. ಇಬ್ಬರನ್ನೂ ಮೇಲೆತ್ತಿದ್ದು ಇನ್ನಷ್ಟು ಎಣಿಕೆಯಲ್ಲ, ದೇವರ ಕರುಣೆಯ ಮೇಲಿನ ಭರವಸೆ. ಇಂಥ ಕೊರಗು ನಿದ್ದೆ, ಊಟಗಳನ್ನು ಕೆಡಿಸುವಾಗ ಗುರುಗಳ ಜೊತೆಗೆ ವೈದ್ಯರನ್ನೂ ಕಾಣುವುದು ವಿಶ್ವಾಸದ ಕೊರತೆಯಲ್ಲ.

ಇನ್ನೊಂದು ಎಚ್ಚರ ನೊಂದವರ ಕುರಿತದ್ದು. ಹೊಡೆದ ಗಂಡ ಪ್ರಾರ್ಥನಾಕೂಟದಲ್ಲಿ ಅತ್ತು ಒಪ್ಪಿಕೊಂಡನೆಂದು, ಅಂದೇ ಅವನ ಜೊತೆ ಮನೆಗೆ ಹೋಗೆಂದು ಹೆಂಡತಿಯನ್ನು ಒತ್ತಾಯಿಸುವ ಅಧಿಕಾರ ಸಭೆಗಿಲ್ಲ. ದೇವರ ಕ್ಷಮೆ ಕೇಳಿದ ಗಳಿಗೆಯಲ್ಲೇ ಸಿಗಬಹುದು, ನೊಂದವರ ಕ್ಷಮೆಗೆ ಅವರದೇ ಕಾಲ ಬೇಕು, ನಂಬಿಕೆ ಮರಳಲು ಇನ್ನೂ ಹೆಚ್ಚು ಕಾಲ ಬೇಕು. ಸಂಘದ ಹಣ ತಿಂದವರು ಪಶ್ಚಾತ್ತಾಪಪಟ್ಟರೆ ಅವರಿಗೆ ಪರಮಪ್ರಸಾದವೂ ಪೀಠದ ಮುಂದಿನ ಜಾಗವೂ ಮರಳಬೇಕು. ಹಣದ ಪೆಟ್ಟಿಗೆಯ ಬೀಗದ ಕೈ ಮರಳಬೇಕೆಂದಿಲ್ಲ, ನ್ಯಾಯಾಲಯದ ವಿಚಾರಣೆಯೂ ನಿಲ್ಲಬೇಕಾಗಿಲ್ಲ. ಸಿಪ್ರಿಯನ್ ಒಬ್ಬೊಬ್ಬರ ಸಂಗತಿಯನ್ನು ಬೇರೆಬೇರೆಯಾಗಿ ವಿಚಾರಿಸಿದ ಕ್ರಮ ಇಂಥ ಕಡೆಗಳಲ್ಲಿ ಇಂದಿಗೂ ಬಳಸಲು ಬರುತ್ತದೆ.